ಕಾವಲಿಗೆ ಬರುತ್ತಿದ್ದ ಗೂಬೆ

ಅಧ್ಯಾಪಕ ವೃತ್ತಿಯಲ್ಲಿದ್ದಷ್ಟು ಕಾಲ ಎಷ್ಟು ಮಕ್ಕಳನ್ನು ‘ಗೂಬೆ’ ಎಂದು ಗದರಿಸಿದ್ದೇನೋ ನಾನು ಲೆಕ್ಕವಿಟ್ಟಿಲ್ಲ. ಪ್ರಶ್ನೆಗೆ ಉತ್ತರ ತೋಚದೆ ಕಣ್ಣರಳಿಸಿ ನಿಂತ ಹುಡುಗನಿಗೆ ಆ ಹೆಸರು ಸಲ್ಲುತ್ತದೆಂಬುದು ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ನನ್ನ ಗುರುಗಳು ನನ್ನನ್ನು ಹಾಗೆ ಕರೆದಿದ್ದರು; ನಾನು ನನ್ನ ಶಿಷ್ಯರನ್ನು ಕರೆದೆ. ಈಗ ನಿವೃತ್ತನಾಗಿ ಕುಳಿತು ಹಿಂದಿನದನ್ನು ನೆನೆಯುವಾಗ, ಆ ಮಕ್ಕಳ ಜೊತೆಗೆ ಆ ಹಕ್ಕಿಗೂ ನಾನು ಅನ್ಯಾಯ ಮಾಡಿದ್ದೇನೆ ಎನ್ನಿಸುತ್ತದೆ. ಬೈಗುಳದ ಮಾತು ಹಾಗಿರಲಿ, ಅದಕ್ಕಿಂತ ದೊಡ್ಡ ಅನ್ಯಾಯವೊಂದಿದೆ. ಅದನ್ನು ಹೇಳಬೇಕಾದರೆ ನಮ್ಮ ಸೀಮೆಯ ಕಾವಲುಗಳ ಚರಿತ್ರೆಯನ್ನು ಹೇಳಬೇಕು.

1985ರ ಡಿಸೆಂಬರ್ ತಿಂಗಳು. ಬಿ.ಎಡ್. ಮುಗಿಸಿ ಹೊಸದುರ್ಗ ತಾಲ್ಲೂಕಿನ ಗ್ರಾಮವೊಂದರ ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಅಧ್ಯಾಪಕನಾಗಿ ಸೇರಿದ್ದೆ. ಊರಿನ ಹೊರಗೆ ಒಂದು ಅಮೃತ ಮಹಲ್ ಕಾವಲು ಇತ್ತು. ಕಣ್ಣು ಹಾಯುವಷ್ಟು ದೂರ ಸೊಂಟದೆತ್ತರದ ಒಣಹುಲ್ಲು. ಅಲ್ಲೊಂದು ಇಲ್ಲೊಂದು ಜಾಲಿ, ಕಾರೆಕಂಟಿ. ಸಂಜೆ ಶಾಲೆ ಬಿಟ್ಟ ಮೇಲೆ ಅತ್ತ ಹೋಗುವುದು ನನ್ನ ಅಭ್ಯಾಸವಾಗಿತ್ತು. ಒಂದು ಸಂಜೆ, ಇನ್ನೂ ಬಿಸಿಲಿರುವಾಗಲೇ, ಹುಲ್ಲಿನ ತಲೆಯನ್ನು ಸವರುವಂತೆ ಹಕ್ಕಿಯೊಂದು ತೇಲಿಬಂತು. ಉದ್ದವಾದ ರೆಕ್ಕೆ, ದುಂಡು ತಲೆ. ಗಿಡುಗವಿರಬೇಕೆಂದು ನೋಡುತ್ತಿದ್ದಂತೆಯೇ ಅದು ತಿರುಗಿ ನನ್ನತ್ತ ಮುಖ ಮಾಡಿತು. ಚಪ್ಪಟೆ ಮುಖ, ಕಾಡಿಗೆ ಹಚ್ಚಿದಂತಹ ಕಪ್ಪು ಅಂಚಿನ ನಡುವೆ ಉರಿಯುವ ಎರಡು ಹಳದಿ ಕಣ್ಣುಗಳು. ಗೂಬೆ! ಹಗಲು ಹೊತ್ತಿನಲ್ಲಿ, ಬಟಾಬಯಲಿನಲ್ಲಿ! ರೆಕ್ಕೆಯ ಸದ್ದೇ ಇರಲಿಲ್ಲ. ನೋಡುತ್ತಿದ್ದಂತೆ ಅದು ಹುಲ್ಲಿನೊಳಗೆ ಇಳಿದು ಮರೆಯಾಯಿತು.

ಅಲ್ಲಿ ಕುರಿಮಂದೆ ಕಾಯುತ್ತಿದ್ದ ಹಿರಿಯರೊಬ್ಬರಿದ್ದರು. ಅವರನ್ನು ಕೇಳಿದೆ. ಅವರಿಗೆ ಅದೇನೂ ಸೋಜಿಗವಾಗಿರಲಿಲ್ಲ. “ಚಳಿಗೆ ಬತ್ತಾವೆ ಮೇಷ್ಟ್ರೆ, ಬ್ಯಾಸ್ಗೆಗೆ ಇರಾಕಿಲ್ಲ. ಮರದ ಮ್ಯಾಲೆ ಕೂರಲ್ಲ, ನೆಲದಾಗೇ ಮಲಗ್ತಾವೆ. ನಮ್ಮಪ್ಪನ ಕಾಲ್ದಾಗೂ ಬತ್ತಿದ್ವು” ಎಂದರು. ಇಷ್ಟು ಹೇಳಿ ಕುರಿಗಳ ಹಿಂದೆ ಹೊರಟರು. ನಾನು ಪುಸ್ತಕಗಳಲ್ಲಿ ಹುಡುಕಿ ಅನೇಕ ವರ್ಷಗಳ ಅನಂತರ ತಿಳಿದುಕೊಂಡದ್ದರ ಸಾರವನ್ನೆಲ್ಲ ಆ ಹಿರಿಯರು ಮೂರು ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲೆಯವರು 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಹೊರತಂದ ಹಕ್ಕಿಗಳ ಕೈಪಿಡಿ ಮುಂದೆ ಗ್ರಂಥಾಲಯವೊಂದರಲ್ಲಿ ಕೈಗೆ ಸಿಕ್ಕಿತು. ಅದರಲ್ಲಿ ನಾನು ಕಂಡ ಹಕ್ಕಿಯ ವಿವರವಿತ್ತು. ಅದು ಮೋಟುಗಿವಿಯ ಗೂಬೆ. ವಿಜ್ಞಾನಿಗಳು ಅದನ್ನು ‘ಏಸಿಯೋ ಫ್ಲಾಮಿಯಸ್’ ಎಂದು ಕರೆಯುತ್ತಾರೆ. ತಲೆಯ ಮೇಲೆ ಕಿವಿಯಂತೆ ಕಾಣುವ ಎರಡು ಗರಿಜುಟ್ಟುಗಳು ತೀರ ಚಿಕ್ಕವಾದುದರಿಂದ ಈ ಹೆಸರು. ಅವು ನಿಜವಾದ ಕಿವಿಗಳಲ್ಲ. ನಿಜವಾದ ಕಿವಿಗಳು ಮುಖದ ಇಕ್ಕೆಲದ ಗರಿಗಳ ಅಡಿಯಲ್ಲಿರುತ್ತವೆ. ಹುಲ್ಲಿನೊಳಗೆ ಇಲಿ ಸರಿದಾಡಿದ ಸದ್ದನ್ನು ಆ ಕಿವಿಗಳು ಹಿಡಿಯುತ್ತವೆ, ತಟ್ಟೆಯಂತಹ ಮುಖ ಆ ಸದ್ದನ್ನು ಕೂಡಿಸಿ ಕಿವಿಗೆ ತಲುಪಿಸುತ್ತದೆ. ಹಕ್ಕಿಯ ಗಾತ್ರ ಕಾಗೆಗಿಂತ ತುಸು ಚಿಕ್ಕದು, ತೂಕ ಸುಮಾರು 300-400 ಗ್ರಾಂ. ಆದರೆ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಹೆಚ್ಚುಕಡಿಮೆ ಒಂದು ಮೀಟರ್. ಇಷ್ಟು ಹಗುರವಾದ ದೇಹಕ್ಕೆ ಇಷ್ಟು ಉದ್ದದ ರೆಕ್ಕೆ ಇರುವುದರಿಂದಲೇ ಅದು ಬಹುದೂರ ಪ್ರಯಾಣ ಮಾಡಬಲ್ಲದು.

ನಮ್ಮ ಮನೆಯ ಸುತ್ತಮುತ್ತ ಕಾಣುವ ಹಾಲಕ್ಕಿಗೂ ಇದಕ್ಕೂ ಬಹಳ ಅಂತರವಿದೆ. ಹಾಲಕ್ಕಿ ಎಂಬುದು ಮೈಮೇಲೆ ಬಿಳಿ ಚುಕ್ಕೆಗಳಿರುವ ಪುಟ್ಟ ಗೂಬೆ. ಆಲ, ಹುಣಿಸೆ, ಮಾವಿನ ಪೊಟರೆಗಳಲ್ಲಿ ವರ್ಷವಿಡೀ ಸಂಸಾರ ಹೂಡಿರುತ್ತದೆ. ಹುಟ್ಟಿದ ಊರನ್ನು ಬಿಟ್ಟು ಹೋಗುವುದಿಲ್ಲ. ಅದರ ಮಾತನ್ನು ಬಲ್ಲೆವೆಂದು ಬೆಳಕು ಹರಿಯುವ ಮುನ್ನ ಬುಡಬುಡಿಕೆ ನುಡಿಸುತ್ತ ಮನೆ ಮನೆಗೆ ಬಂದು ಶಕುನ ಹೇಳುವವರನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದೀರಿ. ಮೋಟುಗಿವಿಯ ಗೂಬೆಗೆ ಮಾತ್ರ ಯಾವ ಶಕುನವನ್ನೂ ಹೊರಿಸುವ ಹಾಗಿಲ್ಲ. ಮರಿ ಮಾಡುವ ಕಾಲದಲ್ಲಿ ತನ್ನ ನಾಡಿನಲ್ಲಿ ದನಿ ತೆಗೆಯುವ ಈ ಹಕ್ಕಿ ನಮ್ಮಲ್ಲಿರುವಷ್ಟು ಕಾಲ ಬಹುತೇಕ ಮೌನಿ. ಊರಿನ ಚಾವಣಿಗೂ ಬರುವುದಿಲ್ಲ, ದೇವಸ್ಥಾನದ ಗೋಪುರದಲ್ಲೂ ಕೂರುವುದಿಲ್ಲ.

ಇದರ ತವರು ಬಹಳ ದೂರ. ಯೂರೋಪಿನ ಉತ್ತರ ಭಾಗ, ಸೈಬೀರಿಯ, ಉತ್ತರ ಅಮೆರಿಕಗಳ ಮರವಿಲ್ಲದ ಬಯಲುಗಳಲ್ಲಿ, ಜೌಗುನೆಲಗಳಲ್ಲಿ ಅದು ಬೇಸಿಗೆಯಲ್ಲಿ ಮರಿ ಮಾಡುತ್ತದೆ. ಗೂಬೆಗಳ ಪೈಕಿ ಬಹುಪಾಲು ಮರದ ಪೊಟರೆಯನ್ನೋ ಬಂಡೆಯ ಸಂದನ್ನೋ ಹಾಳು ಗೋಡೆಯನ್ನೋ ಆಶ್ರಯಿಸಿದರೆ, ಇದು ಹುಲ್ಲಿನ ನಡುವೆ ನೆಲವನ್ನು ಕೆದಕಿ, ಆ ತಗ್ಗಿನಲ್ಲಿ ಮೊಟ್ಟೆಯಿಡುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ಮೊಟ್ಟೆ. ಇಲಿಗಳು ಹೇರಳವಾಗಿರುವ ವರ್ಷ ಇನ್ನೂ ಹೆಚ್ಚು. ಹೆಣ್ಣು ಕಾವು ಕೊಡುತ್ತದೆ, ಗಂಡು ಆಹಾರ ತಂದು ಒಪ್ಪಿಸುತ್ತದೆ. ಮೊದಲ ಮೊಟ್ಟೆಯಿಂದಲೇ ಕಾವು ಆರಂಭವಾಗುವುದರಿಂದ ಮರಿಗಳು ಒಂದರ ಹಿಂದೆ ಒಂದು ಹೊರಬರುತ್ತವೆ. ಒಂದೇ ಗೂಡಿನಲ್ಲಿ ಅಣ್ಣನೂ ತಮ್ಮನೂ ಬೇರೆ ಬೇರೆ ಗಾತ್ರದಲ್ಲಿರುತ್ತಾರೆ. ಹಾರಲು ಬರುವ ಮೊದಲೇ ಮರಿಗಳು ಗೂಡು ಬಿಟ್ಟು ಸುತ್ತಲಿನ ಹುಲ್ಲಿನಲ್ಲಿ ಚದುರಿಕೊಳ್ಳುತ್ತವೆ. ಎಲ್ಲವೂ ಒಂದೆಡೆ ಇದ್ದರೆ ನರಿಗೆ ಒಂದೇ ಬಾರಿಗೆ ಊಟವಾಗಿಬಿಡುತ್ತದಲ್ಲವೆ?

ಚಳಿ ಹೆಚ್ಚಿ, ಹಿಮ ಬಿದ್ದು, ಇಲಿಗಳು ಮರೆಯಾದಾಗ ಹಕ್ಕಿಗಳು ದಕ್ಷಿಣಕ್ಕೆ ಹೊರಡುತ್ತವೆ. ಇದರ ಪ್ರಯಾಣ ಬಾತುಕೋಳಿಗಳ ಪ್ರಯಾಣದಂತೆ ಕಟ್ಟುನಿಟ್ಟಾದುದಲ್ಲ. ಎಲ್ಲಿ ಹುಲ್ಲುಂಟೋ, ಹುಲ್ಲಿನಲ್ಲಿ ಇಲಿಯುಂಟೋ ಅಲ್ಲಿ ಬೀಡು. ಅದು ತೀರಿದರೆ ಮುಂದಕ್ಕೆ. ಸಮುದ್ರದ ನಡುವೆ ಹಡಗುಗಳ ಮೇಲೆ ಇಳಿದು ದಣಿವಾರಿಸಿಕೊಂಡ ಮೋಟುಗಿವಿಯ ಗೂಬೆಗಳನ್ನು ನಾವಿಕರು ಕಂಡಿದ್ದಾರೆ. ಹೀಗೆ ಹಾರಿ ಹಾರಿಯೇ ಅದರ ಪೂರ್ವಜರು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳನ್ನೂ ಗಲಾಪಗೋಸ್ ದ್ವೀಪಗಳನ್ನೂ ಸೇರಿ ಅಲ್ಲಿಯೇ ನೆಲೆಸಿದವು. ಹವಾಯಿಯ ಮೂಲನಿವಾಸಿಗಳು ಅದನ್ನು ‘ಪುಏಓ’ ಎಂದು ಕರೆದು, ಕುಲದ ಹಿರಿಯರ ಚೇತನ ಆ ರೂಪದಲ್ಲಿ ಬಂದು ಕಾಯುತ್ತದೆಂದು ಗೌರವಿಸುತ್ತಾರೆ. ಮಹಾಭಾರತದ ಸೌಪ್ತಿಕ ಪರ್ವದಲ್ಲಿಯಾದರೋ, ರಾತ್ರಿ ಆಲದ ಮರದಲ್ಲಿ ಮಲಗಿದ್ದ ಕಾಗೆಗಳನ್ನು ಕೊಂದ ಗೂಬೆಯನ್ನು ಕಂಡೇ ಅಶ್ವತ್ಥಾಮನಿಗೆ ಮಲಗಿದವರನ್ನು ಕೊಲ್ಲುವ ಉಪಾಯ ಹೊಳೆಯುತ್ತದೆ. ಮನುಷ್ಯನ ಪಾಪಕ್ಕೆ ಹಕ್ಕಿ ಗುರುವಾಯಿತು! ‘ಗೂಬೆ ಕೂರಿಸುವುದು’ ಎಂಬ ನುಡಿಗಟ್ಟು ನಮ್ಮ ಭಾಷೆಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಭಾರತಕ್ಕೆ ಈ ಅತಿಥಿ ಬರುವುದು ಅಕ್ಟೋಬರ್ ಹೊತ್ತಿಗೆ; ಮಾರ್ಚಿಯ ಆಸುಪಾಸಿನಲ್ಲಿ ಮರಳಿ ಹೊರಡುತ್ತದೆ. ಹಗಲಿನ ಬಹುಭಾಗ ಹುಲ್ಲಿನ ಬುಡದಲ್ಲಿ ನೆಲಕ್ಕೊರಗಿ ಮಲಗುತ್ತದೆ. ಕೆಲವೊಮ್ಮೆ ನಾಲ್ಕಾರು ಹಕ್ಕಿಗಳು ಒಂದೇ ಕಡೆ. ಮೈಬಣ್ಣ ಒಣಹುಲ್ಲಿನದೇ ಆದುದರಿಂದ ಕಾಲಿಗೆ ಎಡವುವಷ್ಟು ಹತ್ತಿರ ಹೋದರೂ ಕಾಣದು. ಸಂಜೆಯ ಬಿಸಿಲು ಆರುವ ಮುನ್ನವೇ ಬೇಟೆಗೆ ಏಳುತ್ತದೆ. ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ಬಯಲನ್ನು ಅತ್ತಿಂದಿತ್ತ ಉತ್ತಂತೆ ಹಾರುತ್ತ, ಸದ್ದು ಕೇಳಿದಲ್ಲಿ ನಿಂತು, ಕಾಲು ಚಾಚಿ ಬೀಳುತ್ತದೆ. ಇಲಿಯೇ ಮುಖ್ಯ ಆಹಾರ; ಮಿಡತೆ, ಸಣ್ಣ ಹಕ್ಕಿಗಳನ್ನೂ ತಿನ್ನುವುದುಂಟು. ಜೀರ್ಣವಾಗದ ಎಲುಬು, ರೋಮಗಳನ್ನು ಉಂಡೆ ಮಾಡಿ ಬಾಯಿಂದ ಹೊರಹಾಕುತ್ತದೆ. ಆ ಉಂಡೆಯನ್ನು ಬಿಡಿಸಿ ನೋಡಿದರೆ ಅದು ಏನು ತಿಂದಿತೆಂಬುದರ ಪೂರ್ಣ ಲೆಕ್ಕ ಸಿಗುತ್ತದೆ. ಹಿರಿಯೂರಿನ ಕಡಲೆಕಾಯಿ ಬೆಳೆಗಾರರಿಗೂ ಹೊಸದುರ್ಗದ ರಾಗಿ, ಸಾವೆ ಬೆಳೆಗಾರರಿಗೂ ಇಲಿಯ ಕಾಟ ಎಂಥದೆಂದು ನಾನು ಹೇಳಬೇಕಾಗಿಲ್ಲ. ಕೂಲಿ ಕೇಳದೆ ಚಳಿಗಾಲವಿಡೀ ಇಲಿ ಹಿಡಿಯಲು ಸಾವಿರಾರು ಮೈಲಿಗಳಿಂದ ಬರುವ ಈ ಹಕ್ಕಿಗೆ ನಾವು ಕೊಡಬೇಕಾದ ಸಂಬಳ ಒಂದೇ: ಮಲಗಲು ಸ್ವಲ್ಪ ಹುಲ್ಲು.

ಆ ಹುಲ್ಲು ನಮ್ಮಲ್ಲಿ ಹೇಗೆ ಉಳಿದಿತ್ತು ಎಂಬುದೇ ನಾನು ಹೇಳಹೊರಟ ಚರಿತ್ರೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳು ಮಳೆ ಕಡಿಮೆ ಬೀಳುವ ಸೀಮೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಬಿದ್ದರೆ ಪುಣ್ಯ. ಇಂತಹ ನೆಲದ ಬಹುಭಾಗ ಕಾಡಾಗದೆ ಹುಲ್ಲಾಗುವುದು ಸಹಜ. ಆದರೆ ಸಹಜವಾಗಿದ್ದುದೆಲ್ಲ ಉಳಿಯುವುದಿಲ್ಲ. ನೇಗಿಲು ಬಂದಲ್ಲಿ ಹುಲ್ಲು ಹೋಗುತ್ತದೆ. ಅದು ಹೋಗದಂತೆ ಕಾದದ್ದು ಮೈಸೂರಿನ ಅರಸರ ದನ.

ಮೈಸೂರಿನ ಚಿಕ್ಕದೇವರಾಜ ಒಡೆಯರು (1673-1704) ಅರಮನೆಯ ಗೋವುಗಳ ಆಡಳಿತಕ್ಕೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಏರ್ಪಡಿಸಿ, ರಾಜ್ಯದ ಹಲವೆಡೆ ದನಗಳಿಗೆಂದೇ ಕಾವಲುಗಳನ್ನು ಮೀಸಲಿಟ್ಟರು. ಹೆಸರು ಬೆಣ್ಣೆಯದಾದರೂ ಕಾಲಾಂತರದಲ್ಲಿ ಅದರ ಉಪಯೋಗ ಯುದ್ಧದ್ದಾಯಿತು. ಹೈದರಾಲಿಯು ಈ ಎತ್ತುಗಳನ್ನು ಫಿರಂಗಿ ಎಳೆಯಲು, ಸೈನ್ಯದ ಸಾಮಾನು ಸಾಗಿಸಲು ಬಳಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳಿಂದ ಈ ತಳಿ ರೂಪುಗೊಂಡಿತೆಂದು ಗೆಜೆಟಿಯರುಗಳು ಹೇಳುತ್ತವೆ. ಅಂದರೆ ನಮ್ಮ ದುರ್ಗದ ಸೀಮೆಯ ದನವೂ ಅದರಲ್ಲಿ ಸೇರಿತ್ತು. ಚಿತ್ರದುರ್ಗದ ಕೋಟೆ ಹೈದರನ ವಶವಾದದ್ದು 1779ರಲ್ಲಿ. ಎರಡು ವರ್ಷಗಳ ಅನಂತರ, ಚಿದಂಬರದ ರಕ್ಷಣೆಗೆ ಈ ಎತ್ತುಗಳ ಬಲದಿಂದ ಆತ ಎರಡೂವರೆ ದಿನಗಳಲ್ಲಿ ನೂರು ಮೈಲಿ ಕ್ರಮಿಸಿದನೆಂಬುದು ಪ್ರಸಿದ್ಧವಾದ ಸಂಗತಿ. ಟಿಪ್ಪು ಸುಲ್ತಾನನು ಇಲಾಖೆಗೆ ‘ಅಮೃತ ಮಹಲ್’ ಎಂಬ ಹೆಸರಿಟ್ಟು, ದನಗಳ ಪಾಲನೆಗೆ ಹುಕುಂನಾಮೆಯನ್ನೇ ಹೊರಡಿಸಿದ.

ಮೈಸೂರು ಯುದ್ಧಗಳ ಪಾಠವನ್ನು ನಾನು ತರಗತಿಯಲ್ಲಿ ವರ್ಷ ವರ್ಷವೂ ಬೋಧಿಸಿದ್ದೇನೆ. ಒಪ್ಪಂದಗಳ ಹೆಸರು, ಇಸವಿ, ಟಿಪ್ಪುವಿನ ರಾಕೆಟ್ಟು ಎಲ್ಲವೂ ಬರುತ್ತಿತ್ತು. ಆ ಸೈನ್ಯವನ್ನು ಎಳೆದ ಎತ್ತು ಏನು ತಿನ್ನುತ್ತಿತ್ತು ಎಂದು ನಾನೂ ಕೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ಉತ್ತರ ಶಾಲೆಯ ಕಿಟಕಿಯಾಚೆ ಕಾಣುತ್ತಿತ್ತು.

ಕಾವಲುಗಳ ವ್ಯವಸ್ಥೆಯಲ್ಲಿ ಒಂದು ವಿವೇಕವಿತ್ತು. ಅವನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ವಿಂಗಡಿಸಿದ್ದರು. ಬೇಸಿಗೆಯ ಕಾವಲುಗಳಿಗೆ ನೀರು, ನೆರಳು ಇರುವ ಜಾಗಗಳನ್ನು, ಕೆರೆಯಂಗಳದ ಹಸಿರು ಸಿಗುವ ಜಾಗಗಳನ್ನು ಆರಿಸುತ್ತಿದ್ದರು. ಸೇರ್ವೆಗಾರರು ದನದ ಹಿಂಡುಗಳನ್ನು ಋತುವಿಗೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಹಿಂಡು ಹೊರಟುಹೋದ ಮೇಲೆ ಕಾವಲು ಖಾಲಿ ಉಳಿಯುತ್ತಿತ್ತು. ಆ ಖಾಲಿ ತಿಂಗಳುಗಳಲ್ಲಿ ಹುಲ್ಲು ಮತ್ತೆ ಬೆಳೆದು, ತೆನೆಗಟ್ಟಿ, ಬೀಜ ಉದುರಿಸುತ್ತಿತ್ತು. ಹಿಂಡು ಮುಂದಿನ ವರ್ಷ ಬರಬೇಕಾದರೆ ಈ ವರ್ಷ ಕಾವಲು ಬರಿದಾಗಿರಲೇಬೇಕು ಎಂಬುದನ್ನು ಆ ಕಾಲದವರು ತಿಳಿದಿದ್ದರು. ಗೂಬೆಯೂ ಹೀಗೆಯೇ ಅಲ್ಲವೆ? ಅದು ವರ್ಷದಲ್ಲಿ ಐದಾರು ತಿಂಗಳು ಮಾತ್ರ ಇಲ್ಲಿರುತ್ತದೆ. ಉಳಿದ ತಿಂಗಳು ಅದರ ಮನೆ ಬರಿದು. ಆದರೆ ಬರಿದಾದ ಮನೆಯನ್ನು ಯಾರದೂ ಅಲ್ಲದ ಮನೆ ಎಂದು ತಿಳಿದು ಕೆಡವಿದರೆ, ಮುಂದಿನ ಚಳಿಗೆ ಬರುವವರು ಎಲ್ಲಿ ಇಳಿಯಬೇಕು?

ಫಿರಂಗಿಗಾಗಿ ಎತ್ತು, ಎತ್ತಿಗಾಗಿ ಹುಲ್ಲು. ಹುಲ್ಲಿದ್ದುದರಿಂದ ಇಲಿ, ಇಲಿಯಿದ್ದುದರಿಂದ ಗೂಬೆ. ಸುಲ್ತಾನನಿಗಾಗಲಿ ಒಡೆಯರಿಗಾಗಲಿ ಗೂಬೆಯನ್ನು ಸಾಕುವ ಉದ್ದೇಶವಿರಲಿಲ್ಲ. ಆದರೂ ಅವರ ಕಾವಲುಗಾರರು ನೇಗಿಲನ್ನು ಹೊರಗಿಟ್ಟದ್ದರಿಂದ ದನದ ಜೊತೆಗೆ ಕೃಷ್ಣಮೃಗ, ತೋಳ, ನರಿ, ಎರೆಭೂತ, ಗೌಜಲಹಕ್ಕಿಗಳೂ ಈ ಗೂಬೆಯೂ ಬದುಕಿದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳು ಕಂಪನಿ ಸರ್ಕಾರದ ಕಣ್ಣಿಗೆ ಬಿದ್ದವು. ಆರ್ಥರ್ ವೆಲ್ಲೆಸ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದಾಗ ಈ ಎತ್ತುಗಳ ಸಾಮರ್ಥ್ಯವನ್ನು ಕಂಡಿದ್ದ. ಮುಂದೆ ಸ್ಪೇನಿನ ಯುದ್ಧದಲ್ಲಿ ಮೈಸೂರಿನ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಹಲುಬಿದನಂತೆ. 1813ರಲ್ಲಿ ಇಲಾಖೆಯ ಉಸ್ತುವಾರಿ ಮದರಾಸು ಸೈನ್ಯದ ಅಧಿಕಾರಿಯೊಬ್ಬನ ಕೈಗೆ ಹೋಯಿತು. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸುವ ಹುಮ್ಮಸ್ಸಿನಲ್ಲಿ ಇಲಾಖೆಯನ್ನೇ ಮುಚ್ಚಿದ, ಹಿಂಡುಗಳು ಹರಾಜಾದವು. ಒಳ್ಳೆಯ ಎತ್ತುಗಳು ಸಿಗದೆ ಸೈನ್ಯ ಪರದಾಡಿದಾಗ ತಪ್ಪಿನ ಅರಿವಾಗಿ, 1860ರ ದಶಕ ಮುಗಿಯುವ ಮುನ್ನವೇ ಮತ್ತೆ ಸ್ಥಾಪಿಸಿದರು. 1881ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಮರಳಿದ ಅನಂತರ ಅಮೃತ ಮಹಲ್ ಕೂಡ ಮೈಸೂರು ಸರ್ಕಾರದ್ದಾಯಿತು.

ಅಷ್ಟರಲ್ಲಿ ರೈಲು ಬಂದಿತ್ತು. ಅದರ ಹಿಂದೆಯೇ ಮೋಟಾರು ಲಾರಿ ಬಂತು. ಫಿರಂಗಿ ಎಳೆಯಲು ಎತ್ತು ಬೇಡವಾದ ದಿನವೇ ಕಾವಲಿನ ಹುಲ್ಲಿಗೆ ಹೇಳುವವರು ಕೇಳುವವರು ಇಲ್ಲದಂತಾಯಿತು ಎಂಬುದು ನನ್ನ ತಿಳಿವಳಿಕೆ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗಳಷ್ಟಿದ್ದ ಕಾವಲುಗಳು ಇಪ್ಪತ್ತನೆಯ ಶತಮಾನದುದ್ದಕ್ಕೂ ಕರಗುತ್ತ ಹೋದವು. ಹೆಚ್ಚು ಆಹಾರ ಬೆಳೆಯುವ ಆಂದೋಲನ, ಭೂಹೀನರಿಗೆ ಭೂಮಿ, ಊರು ಬೆಳೆದಂತೆ ನಿವೇಶನ, ಬಗರ್‌ಹುಕುಂ ಸಾಗುವಳಿ, ಅದರ ಸಕ್ರಮ. ಇವುಗಳಲ್ಲಿ ಎಲ್ಲವೂ ಅನ್ಯಾಯವೆಂದು ನಾನು ಹೇಳಲಾರೆ. ಎರಡು ಎಕರೆ ಸಿಕ್ಕಿದ್ದರಿಂದ ಮಕ್ಕಳನ್ನು ಶಾಲೆಗೆ ಕಳಿಸಿದ ತಂದೆತಾಯಿಗಳನ್ನು ನಾನು ಬಲ್ಲೆ. ಆ ಮಕ್ಕಳು ನನ್ನ ಶಿಷ್ಯರು. ಆದರೆ ಯಾರ ಹೊಟ್ಟೆಯನ್ನೂ ತುಂಬದೆ ಹುಲ್ಲನ್ನು ಕೊಂದ ಇನ್ನೊಂದು ಕೆಲಸವಿದೆ. ಅದರಲ್ಲಿ ನನ್ನ ಪಾಲೂ ಇದೆ.

1985ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಳಿಯನ್ನು ರಚಿಸಿತು. ಮರವಿಲ್ಲದ, ಬೆಳೆಯಿಲ್ಲದ ನೆಲವೆಲ್ಲ ಬಂಜರು. ಬಂಜರಿಗೆಲ್ಲ ಮರ ನೆಡಬೇಕು ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತಿತ್ತು. ಕರ್ನಾಟಕದಲ್ಲಿ ಆಗಲೇ ಸಾಮಾಜಿಕ ಅರಣ್ಯ ಯೋಜನೆ ನಡೆದಿತ್ತು. ಲಾರಿಗಟ್ಟಲೆ ನೀಲಗಿರಿ, ಅಕೇಶಿಯ ಸಸಿಗಳು ಊರೂರಿಗೆ ಬರುತ್ತಿದ್ದವು. 1987ರ ವನಮಹೋತ್ಸವಕ್ಕೆ ನಮ್ಮ ಶಾಲೆಗೂ ಸಸಿಗಳು ಬಂದವು. ಎಲ್ಲಿ ನೆಡುವುದು? ಶಾಲೆಯ ಅಂಗಳ ಚಿಕ್ಕದು. ಕಾವಲು ‘ಖಾಲಿ’ ಇತ್ತಲ್ಲ! ಮಕ್ಕಳನ್ನು ಸಾಲುಗಟ್ಟಿಸಿ ಕರೆದೊಯ್ದೆ. ಹುಲ್ಲು ಕೊಚ್ಚಿ, ಗುಂಡಿ ತೋಡಿ, ಮೂರು ದಿನಗಳಲ್ಲಿ ನಾನೂರಕ್ಕೂ ಹೆಚ್ಚು ಸಸಿಗಳನ್ನು ನೆಟ್ಟೆವು. ಸುತ್ತ ಕಂದಕ ಹೊಡೆದರು. ಅತಿಥಿಗಳು ಬಂದು ಭಾಷಣ ಮಾಡಿದರು. ನನಗೊಂದು ಪ್ರಶಂಸಾಪತ್ರವೂ ಸಿಕ್ಕಿತು. ಅದಕ್ಕೆ ಚೌಕಟ್ಟು ಹಾಕಿಸಿದ್ದೆ.

ಆ ದಿನ ಅದೇ ಕುರಿಗಾಹಿ ಹಿರಿಯರು ಕೋಲೂರಿಕೊಂಡು ದೂರ ನಿಂತು ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, “ಮೇಷ್ಟ್ರೆ, ಇದನ್ನ ಕುರಿ ತಿನ್ನಲ್ಲ. ಹುಲ್ಲು ಹೋದ್ರೆ ನಾವೆಲ್ಲಿಗ್ ಹೋಗಾನ?” ಎಂದು ಕೇಳಿದರು. ನಾನು ಅವರಿಗೆ ಮರಗಳಿಂದ ಮಳೆ ಬರುತ್ತದೆಂದು ಪಾಠ ಹೇಳಿದೆ. ಅವರು ವಾದ ಮಾಡಲಿಲ್ಲ. “ನೀವ್ ಓದ್ದೋರು” ಎಂದಷ್ಟೇ ಹೇಳಿ ಹೋದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಗೂಬೆಯ ಬಗ್ಗೆ ನನಗೆ ಮೊದಲ ಪಾಠ ಹೇಳಿದ ಗುರುವಿಗೆ ನಾನು ಸಲ್ಲಿಸಿದ ಕಾಣಿಕೆ ಅದು.

ಐದಾರು ವರ್ಷಗಳಲ್ಲಿ ನೀಲಗಿರಿ ಆಳೆತ್ತರ ಮೀರಿ ಬೆಳೆಯಿತು. ಅದರ ಅಡಿಯಲ್ಲಿ ಹುಲ್ಲು ತೆಳುವಾಯಿತು, ಆಮೇಲೆ ಇಲ್ಲವಾಯಿತು. ಒಣ ಎಲೆಗಳ ಮೇಲೆ ನಡೆದರೆ ಸದ್ದಾಗುತ್ತಿತ್ತೇ ಹೊರತು ಯಾವ ಜೀವವೂ ಅಲ್ಲಾಡುತ್ತಿರಲಿಲ್ಲ. ಚಳಿಗಾಲದ ಸಂಜೆಗಳಲ್ಲಿ ನಾನು ಕಾದು ನೋಡಿದೆ. ಮರಗಳ ನಡುವೆ ಆ ಉದ್ದ ರೆಕ್ಕೆಯ ಹಕ್ಕಿ ಹಾರುವುದಾದರೂ ಹೇಗೆ? ಅದಕ್ಕೆ ಬೇಕಾದದ್ದು ಬಯಲು. 1990ರ ದಶಕದ ಆರಂಭದಲ್ಲಿ ನನಗೆ ಬೇರೆಡೆಗೆ ವರ್ಗವಾಯಿತು. ಅದಕ್ಕೆ ಮೊದಲಿನ ಎರಡು ಚಳಿಗಾಲಗಳಲ್ಲಿ ಆ ಕಾವಲಿನಲ್ಲಿ ನಾನು ಒಂದೂ ಗೂಬೆಯನ್ನು ಕಾಣಲಿಲ್ಲ.

ಇದು ನಮ್ಮೂರೊಂದರ ಕಥೆಯಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ಆದರೆ ಅಲ್ಲಿನ ಬಯಲಿನ ಬಹುಭಾಗ ನೀಲಗಿರಿ ನೆಡುತೋಪಾಗಿತ್ತು. ಒಂದು ಕಾಲಕ್ಕೆ ಆ ಊರಿಗೆ ಹೆಸರು ತಂದಿದ್ದ ಎರೆಭೂತ ಅಲ್ಲಿಂದ ಮರೆಯಾಯಿತು. ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಕುದಾಪುರ, ಉಳ್ಳಾರ್ತಿಗಳ ಕಡೆ 2010ರ ಆಸುಪಾಸಿನಲ್ಲಿ ಸುಮಾರು 10,000 ಎಕರೆ ಹುಲ್ಲುಗಾವಲನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಮತ್ತು ಇತರ ಯೋಜನೆಗಳಿಗೆ ಕೊಡಲಾಯಿತು. ಕುರಿ, ದನ, ಕಂಬಳಿಯನ್ನೇ ನಂಬಿದ್ದ ಹಳ್ಳಿಗಳವರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದರು. 2017ರಲ್ಲಿ ಅಲ್ಲಿ ವಿಮಾನಗಳ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ದೇಶಕ್ಕೆ ವಿಜ್ಞಾನ ಬೇಡವೆಂದು ಯಾರು ಹೇಳುತ್ತಾರೆ? ಸೈನ್ಯಕ್ಕೆಂದು ಉಳಿದ ಹುಲ್ಲು ಕೊನೆಗೆ ಸೈನ್ಯದ ಕೆಲಸಕ್ಕೇ ಹೋಯಿತೆಂಬುದನ್ನು ನೋಡಿದರೆ ಚರಿತ್ರೆಯ ವ್ಯಂಗ್ಯವೆನ್ನಿಸುತ್ತದೆ, ಅಷ್ಟೆ. ಆ ನೆಲ ಯಾರಿಗೂ ಬೇಡದ ನೆಲವಾಗಿತ್ತೆಂದು ಮಾತ್ರ ಯಾರೂ ಹೇಳಬಾರದು.

ಇಷ್ಟಾದರೂ ಸರ್ಕಾರದ ಬಂಜರುಭೂಮಿ ನಕ್ಷೆಗಳಲ್ಲಿ ಇಂತಹ ಹುಲ್ಲು, ಕುರುಚಲು ನೆಲಗಳು ಬಂಜರೆಂದೇ ದಾಖಲಾಗುತ್ತ ಬಂದಿವೆ. ನಮ್ಮ ಹಿರಿಯರ ಮಾತಿನಲ್ಲಿ ‘ಕಾವಲು’ ಎಂದಿತ್ತು. ಒಂದು ಪದದಲ್ಲಿ ಕಾಯಬೇಕೆಂಬ ಅರ್ಥವಿದೆ, ಇನ್ನೊಂದರಲ್ಲಿ ಕಾಯಲು ಏನೂ ಇಲ್ಲವೆಂಬ ಅರ್ಥ. ಭಾಷೆ ಬದಲಾದಂತೆ ನೆಲದ ಹಣೆಬರಹವೂ ಬದಲಾಯಿತು.

ಒಂದೆರಡು ಒಳ್ಳೆಯ ಸುದ್ದಿಗಳೂ ಇವೆ. ನೆರೆಯ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ 798 ಎಕರೆ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು 2011ರಲ್ಲಿ ಅದೇ ಬಗೆಯ ಮೀಸಲಾಯಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಮೂವತ್ತು ವರ್ಷಗಳ ಹಿಂದೆ ಕುರಿಗಾಹಿಯೊಬ್ಬರು ಕೋಲೂರಿಕೊಂಡು ಹೇಳಿದ್ದ ಮಾತು ಹೀಗೆ ಆದೇಶವಾಗಿ ಹೊರಬಂತು.

ಕಳೆದ ಪುಷ್ಯಮಾಸದಲ್ಲಿ ಹಳೆಯ ಶಿಷ್ಯನೊಬ್ಬನ ಮಗಳ ಮದುವೆಯ ಮಾತುಕತೆಗೆಂದು ಆ ಊರಿಗೆ ಹೋಗಿದ್ದೆ. ನಾವು ನೆಟ್ಟ ನೀಲಗಿರಿಯನ್ನು ಕಡಿದು ಕೆಲವು ವರ್ಷಗಳಾಗಿದ್ದವು. ಬೊಡ್ಡೆಗಳಲ್ಲಿ ಕೆಲವು ಚಿಗುರಿದ್ದರೆ ಬಹಳಷ್ಟು ಸತ್ತಿದ್ದವು. ಅವುಗಳ ನಡುವೆ, ಒಂದೆರಡು ಎಕರೆಯಷ್ಟು ಜಾಗದಲ್ಲಿ, ಕರಡದ ಹುಲ್ಲು ಮತ್ತೆ ಎದ್ದಿತ್ತು. ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಶಿಷ್ಯ ನನ್ನ ಜೊತೆಗಿದ್ದ. 1987ರಲ್ಲಿ ಗುಂಡಿ ತೋಡಿದವರಲ್ಲಿ ಅವನೂ ಒಬ್ಬ. ಕತ್ತಲಾಗುವವರೆಗೆ ಇಬ್ಬರೂ ಕಾದೆವು. ಗೂಬೆ ಬರಲಿಲ್ಲ. ಏಳುವಾಗ ಅವನ ಕಾಲ ಬಳಿ ಹೆಬ್ಬೆರಳಿನ ಗಾತ್ರದ ಬೂದುಬಣ್ಣದ ಉಂಡೆಯೊಂದು ಬಿದ್ದಿತ್ತು. ಬಿಡಿಸಿ ನೋಡಿದರೆ ರೋಮ, ಸಣ್ಣ ಎಲುಬುಗಳು, ಇಲಿಯ ಒಂದು ದವಡೆ. ಹಾಲಕ್ಕಿಯೂ ಇಂತಹ ಉಂಡೆಯನ್ನು ಉಗುಳುತ್ತದೆ, ಗಿಡುಗವೂ ಉಗುಳುತ್ತದೆ. ಇದು ನಮ್ಮ ಅತಿಥಿಯದೇ ಎಂದು ನಾನು ಹೇಳಲಾರೆ. ಅಷ್ಟು ಹುಲ್ಲಿಗೆ ಇಲಿ ಮರಳಿದೆ, ಇಲಿಗಾಗಿ ಯಾವುದೋ ಒಂದು ಹಕ್ಕಿ ಬಂದಿದೆ ಎಂಬುದಂತೂ ನಿಜ.

“ಇಲ್ಲಿ ಮತ್ತೆ ಏನಾದ್ರೂ ನೆಡಬೇಕಾ ಸಾರ್?” ಎಂದು ಅವನು ಕೇಳಿದ. ಅವನೀಗ ಗ್ರಾಮ ಪಂಚಾಯಿತಿಯ ಸದಸ್ಯ. ಅವನ ಕೇಳಿಕೆಯಲ್ಲಿ ಕುಚೋದ್ಯವಿರಲಿಲ್ಲ. ಮೇಷ್ಟ್ರು ಹೇಳಿದರೆ ನಾಳೆಯೇ ಸಸಿ ತರಿಸುವವನು ಅವನು.

“ಏನೂ ನೆಡಬೇಡಪ್ಪ. ಹೀಗೇ ಬಿಡು” ಎಂದೆ.

ವೃತ್ತಿಜೀವನದಲ್ಲಿ ಅವನಿಗೆ ನಾನು ಹೇಳಿದ ಪಾಠಗಳಲ್ಲಿ ಒಂದನ್ನಾದರೂ ತಿದ್ದಿದಂತಾಯಿತು. ಆ ಕುರಿಗಾಹಿ ಹಿರಿಯರು ಈಗಿಲ್ಲ. ಇದ್ದಿದ್ದರೆ ಅವರ ಮನೆಗೂ ಹೋಗಿ ಬರುತ್ತಿದ್ದೆ. ಮುಂದಿನ ಅಕ್ಟೋಬರಿನ ಅನಂತರ, ದೇಹ ಸಹಕರಿಸಿದರೆ, ಮತ್ತೊಮ್ಮೆ ಆ ಕಾವಲಿಗೆ ಹೋಗಬೇಕೆಂದಿದ್ದೇನೆ. ಓದುಗ ಮಿತ್ರರಲ್ಲಿ ಯಾರಾದರೂ ಹಿರಿಯೂರು, ಹೊಳಲ್ಕೆರೆಗಳ ಕಡೆ ಉಳಿದ ಕಾವಲುಗಳಲ್ಲಿ ಚಳಿಗಾಲದ ಸಂಜೆ ಹುಲ್ಲಿನ ಮೇಲೆ ತೇಲುವ ಗೂಬೆಯನ್ನು ಕಂಡರೆ, ದಯವಿಟ್ಟು ಹತ್ತಿರ ಹೋಗಿ ಎಬ್ಬಿಸಬೇಡಿ. ಬಹಳ ದೂರದಿಂದ ಬಂದಿರುತ್ತದೆ.